ಜರಡಿ ಕೂಗದ ತಪ್ಪು

ಕೋಲಾರ
ಜನವರಿ 9, 2024

ತ್ರಿವೇಣಿಗೆ,

ಹನ್ನೊಂದು ವರ್ಷದ ಮೇಲೆ ನಿನಗೆ ಬರೆಯುತ್ತಿದ್ದೇನೆ. ಮೆಸೇಜು ಹಾಕಬಹುದಿತ್ತು. ಹಾಕಿದರೆ ಹೆಬ್ಬೆಟ್ಟಿನ ಚಿತ್ರ ಒತ್ತಿ ಮುಗಿಸುತ್ತೀ. ಫೋನ್ ಮಾಡಿದರೆ ನಿನ್ನ ದನಿ ಕೇಳಿ, ಬೈಯಬೇಕಾದ್ದೆಲ್ಲ ನನಗೆ ಮರೆತುಹೋಗುತ್ತದೆ. ಅದಕ್ಕೇ ಕಾಗದ.

ನನ್ನ ಮಗಳು ಚಂದನ ನಿನ್ನ ಮನೆಗೆ ಬಂದು ವಾರವಾಯಿತು. ಇಂಜಿನಿಯರಿಂಗ್ ಮುಗಿಸಿದವಳು ಎಲ್ಲಾದರೂ ಕೆಲಸ ನೋಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಊಟಕ್ಕೆ ಕೂತಾಗ ಹೇಳಿದಳು: "ಅಮ್ಮಾ, ನಾನು ಮಾಲೂರಿಗೆ ಹೋಗ್ತೀನಿ. ತ್ರಿವೇಣಿ ಆಂಟಿ ಹತ್ರ ಜರಡಿ ಕೆಲಸ ಕಲೀತೀನಿ. ಆರು ತಿಂಗಳು ಅಲ್ಲೇ ಇರ್ತೀನಿ."

ಕೇಳಲಿಲ್ಲ, ತಿಳಿಸಿದಳು. ಯಾವಾಗಿನಿಂದ ಈ ಮಾತುಕತೆ ಎಂದು ವಿಚಾರಿಸಿದರೆ, ಕಾಲೇಜಿನ ಎರಡನೇ ವರ್ಷದಿಂದ ನಿಮ್ಮಿಬ್ಬರ ಮಧ್ಯೆ ಮೇಲ್ ಓಡಾಡುತ್ತಿದೆಯಂತೆ. ನನಗೆ ಹೇಳದೆ.

ಜರಡಿಯ ಕಥೆ ನೀನು ಮರೆತಿದ್ದರೆ ನೆನಪಿಸುತ್ತೇನೆ. ಇಲ್ಲಿಯ ಪಾಲಿಟೆಕ್ನಿಕ್ಕಿನಲ್ಲಿ ನಾವಿಬ್ಬರೂ ಪಾಠ ಹೇಳುತ್ತಿದ್ದಾಗ, ಹುಡುಗರು ಬರೆದ ಪ್ರೋಗ್ರಾಮು ಒಂದು ಮೆಷೀನಿನಲ್ಲಿ ಓಡುತ್ತಿತ್ತು, ಪಕ್ಕದ ಮೆಷೀನಿನಲ್ಲಿ ಬೀಳುತ್ತಿತ್ತು. ತನ್ನದಲ್ಲದ ಮೆಮೊರಿಗೆ ಕೈ ಹಾಕಿದ್ದಕ್ಕೋ, ಏನೂ ತುಂಬದ ಜಾಗವನ್ನು ಓದಿದ್ದಕ್ಕೋ ಹಾಗಾಗುತ್ತಿತ್ತು. ಅಂಥ ತಪ್ಪನ್ನು ಹಿಡಿದು ಕೂಗುವ ಸಾಧನ ಕಟ್ಟೋಣ ಅಂದವಳು ನೀನು. ಅದನ್ನು ಜರಡಿ ಅಂತ ಕರೆಯೋಣ ಅಂದವಳು ನಾನು. ಇಬ್ಬರೂ ಕೂತು ಕಟ್ಟಿದೆವು.

ಆಮೇಲೆ ನಮ್ಮ ಮನೆಯವರಿಗೆ ಕಿಡ್ನಿ ಕೆಟ್ಟಿತು. ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ವರ್ಷ ನೀನು ಬೆಂಗಳೂರಿನಲ್ಲಿ ವೇದಿಕೆ ಹತ್ತಿ "ಇದನ್ನು ನಾನು ಕಟ್ಟಿದೆ" ಅಂದೆ. ಆ ವಿಡಿಯೋ ನಾನು ಆ ಬೆಂಚಿನ ಮೇಲೇ ನೋಡಿದೆ. "ನಾವು" ಅನ್ನುವುದಕ್ಕೆ ಒಂದಕ್ಷರವೂ ಹೆಚ್ಚು ಬೇಕಿರಲಿಲ್ಲ ತ್ರಿವೇಣಿ.

ಸಾಧನ ತೆಗೆದುಕೊಂಡೆ, ಇಟ್ಟುಕೋ. ಮಗಳನ್ನು ಕೊಡುವುದಿಲ್ಲ. ಆರು ತಿಂಗಳು ಅಂದಿದ್ದಾಳೆ, ಆರೇ ತಿಂಗಳು. ಅಷ್ಟಕ್ಕೂ ಅವಳ ಕೈಯಲ್ಲಿ ಏನು ಕೆಲಸ ಮಾಡಿಸುತ್ತಿದ್ದೀಯ? ನಾನು ಕೇಳಿದ್ದಕ್ಕೆ "ನಿಂಗೆ ಗೊತ್ತಾಗಲ್ಲಮ್ಮ" ಅಂದಳು. ನನಗೆ!

ಅವಳಿಗೆ ಬದನೆಕಾಯಿ ಆಗದು, ಮೈ ಕಡಿಯುತ್ತದೆ. ಬಸ್ಸಾರು ಇದ್ದರೆ ಎರಡು ಮುದ್ದೆ ಉಣ್ಣುತ್ತಾಳೆ. ನಿನಗೆ ಬಸ್ಸಾರು ಮಾಡಲು ಬರುತ್ತಿರಲಿಲ್ಲ. ಈಗ ಬರುತ್ತದೋ ಇಲ್ಲವೋ.

ಸುನಂದ


ಮಾಲೂರು
ಜನವರಿ 17, 2024

ಸುನಂದಾ,

ಕಾಗದ ಬಂತು. ಬೈಗುಳದಲ್ಲೂ ನಿನ್ನ ಅಕ್ಷರ ಹಾಗೇ ದುಂಡಗಿದೆ.

ವೇದಿಕೆಯ ವಿಷಯಕ್ಕೆ ಎರಡು ಪುಟ ಉತ್ತರ ಬರೆದಿದ್ದೆ. ಹರಿದುಹಾಕಿದೆ.

ಚಂದನಳನ್ನು ನಾನು ಕರೆಯಲಿಲ್ಲ. ಜರಡಿಯಲ್ಲಿ ಒಂದು ತಪ್ಪು ಕಂಡುಹಿಡಿದು ಅವಳೇ ಮೇಲ್ ಹಾಕಿದ್ದಳು. ಕೆಳಗೆ ಸಹಿ ನೋಡಿದಾಗ ನಿನ್ನ ಮಗಳು ಅಂತ ಗೊತ್ತಾಯಿತು. ತಿಂಗಳುಗಟ್ಟಲೆ ಉತ್ತರಿಸದೆ ಕೂತಿದ್ದೆ. ಆಮೇಲೆ ಉತ್ತರಿಸಿದೆ. ಅಷ್ಟೇ ನಡೆದದ್ದು.

ಕೆಲಸ ಏನು ಅಂತ ಕೇಳಿದ್ದೀಯ. ನೀನು ಬಿಟ್ಟಾಗ ಜರಡಿ ಪ್ರೋಗ್ರಾಮಿನೊಳಗಿನ ತಪ್ಪು ಮಾತ್ರ ನೋಡುತ್ತಿತ್ತು. ಆದರೆ ಫೈಲ್ ತೆರೆಯುವುದು, ಓದುವುದು, ಇನ್ನೊಂದು ಮೆಷೀನಿಗೆ ಸುದ್ದಿ ಕಳಿಸುವುದು, ಇದನ್ನೆಲ್ಲ ಪ್ರೋಗ್ರಾಮು ತಾನೇ ಮಾಡುವುದಿಲ್ಲವಲ್ಲ. ಆಪರೇಟಿಂಗ್ ಸಿಸ್ಟಮ್ಮನ್ನು ಕರೆದು ಮಾಡಿಸುತ್ತದೆ. ಆ ಸಿಸ್ಟಂ ಕಾಲ್ ಒಳಗೆ ಹೋದಮೇಲೆ ಜರಡಿಯ ಕಣ್ಣಿಗೆ ಏನೂ ಕಾಣದು. ಯಾವ ಕರೆ ಯಾವ ಮೆಮೊರಿಯನ್ನು ಓದುತ್ತದೆ, ಎಲ್ಲಿ ಬರೆಯುತ್ತದೆ ಎಂದು ಒಂದೊಂದಕ್ಕೂ ನಾವೇ ಹೇಳಿಕೊಡಬೇಕು. ಹೇಳಿಕೊಟ್ಟದ್ದು ಸರಿಯಾಗಿದೆಯೇ ಎಂದು ಪರೀಕ್ಷೆ ಬರೆಯುವುದು ಚಂದನಳ ಕೆಲಸ. ಕರೆಗೆ ಬೇಕೆಂದೇ ಕೆಟ್ಟ ವಿಳಾಸ ಕೊಡುತ್ತಾಳೆ, ಏನೂ ತುಂಬದ ಜಾಗ ಕೊಡುತ್ತಾಳೆ. ಜರಡಿ ಕೂಗಿದರೆ ಪಾಸು. ಸುಮ್ಮನಿದ್ದರೆ ಎಲ್ಲೋ ನಾವು ಎಡವಿದ್ದೇವೆ. ಇಂಥ ಕರೆಗಳು ಮುನ್ನೂರಕ್ಕೂ ಮೇಲಿವೆ.

ಮೊನ್ನೆ ಹೇಳಿದಳು: "ಇಡೀ ದಿನ ಬೇಕಂತ್ಲೇ ತಪ್ಪು ಮಾಡೋದು. ಮನೇಲಿ ಇದಕ್ಕೆ ಬೈತಿದ್ರು, ಇಲ್ಲಿ ಶಭಾಷ್ ಅಂತೀರ."

ನೀನು ನನ್ನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೀಯ ಎಂದು ಗೊತ್ತು. ನನ್ನದನ್ನೂ ಕೇಳು. ಸಂಜೆಯಾದರೆ ನಿನಗೆ ಫೋನ್ ಮಾಡಲು ಅವಳು ಮಹಡಿಗೆ ಹೋಗುತ್ತಾಳೆ. ಅಲ್ಲಿಂದ ನಗು ಕೇಳಿಸುತ್ತದೆ. ಕೆಳಗೆ ಇಷ್ಟು ಹೊತ್ತು ನನ್ನೊಡನೆ ಇದ್ದವಳು ಹಾಗೆ ನಕ್ಕಿರುವುದಿಲ್ಲ. ಅದು ಕೇಳಿಸದಿರಲಿ ಅಂತ ನಾನು ನೀರಿನ ಮೋಟಾರ್ ಹಾಕುತ್ತೇನೆ. ತೊಟ್ಟಿ ತುಂಬಿ ಹರಿದರೂ ಆರಿಸುವುದಿಲ್ಲ.

ಬಸ್ಸಾರು ಬರುತ್ತದೆ. ನಿನ್ನಷ್ಟು ಹುಳಿ ಹಾಕುವುದಿಲ್ಲ.

ತ್ರಿವೇಣಿ


ಕೋಲಾರ
ಫೆಬ್ರವರಿ 20, 2024

ತ್ರಿವೇಣಿಗೆ,

ಭಾನುವಾರ ನಾನು ಮಾಲೂರಿಗೆ ಬಂದಿದ್ದೆ. ನಿನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ.

ಕೊನೆಯ ಅವರೆಕಾಯಿ ಬಂದಿತ್ತು. ಹಿದುಕಿದಬೇಳೆ ಸಾರು ಮಾಡಿ, ಕ್ಯಾರಿಯರ್‌ಗೆ ತುಂಬಿ, ನರಸಾಪುರದ ಮೇಲಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನಿನಗೆ ಏನು ಹೇಳಬೇಕು, ಯಾವ ಮುಖ ಮಾಡಿಕೊಂಡು ಒಳಗೆ ಬರಬೇಕು ಎಂದೇ ಯೋಚನೆ. ನಿನ್ನ ಮನೆಯ ಕಿಟಕಿ ತೆರೆದಿತ್ತು. ಚಪ್ಪಲಿ ಬಿಡುವಾಗ ಒಳಗಿನ ಮಾತು ಕೇಳಿಸಿತು.

"ಇದು ತಪ್ಪು ಕಣೇ," ಅಂದೆ ನೀನು. "ಉದ್ದ ಸೊನ್ನೆ ಅಂತ ಕೊಟ್ಟಿದ್ದೀಯ. ಸೊನ್ನೆ ಕೊಟ್ರೆ ಸಿಸ್ಟಮ್ಮು ಆ ಜಾಗ ಮುಟ್ಟೋದೇ ಇಲ್ಲ. ಜರಡಿ ಯಾಕೆ ಕೂಗ್ಬೇಕು ಹೇಳು?"

"ಹೌದಲ್ವಾ! ಮತ್ತೆ ಬರೀತೀನಿ ಆಂಟಿ."

ಅಷ್ಟೇ. ಒಂದು ಮಾತು ಎದುರಾಡಲಿಲ್ಲ. ನನ್ನ ಹತ್ತಿರ, ಸಾರಿಗೆ ಉಪ್ಪು ಕಮ್ಮಿ ಅಂದರೂ ವಾದಕ್ಕೆ ನಿಲ್ಲುವವಳು. "ನಂಗೆ ಸರೀಗಿದೆ, ನಿನ್ ನಾಲಿಗೆ ಸರಿ ಇಲ್ಲ" ಅನ್ನುವವಳು.

ಕಿಟಕಿಯ ಹತ್ತಿರ ಬಂದು ಇಣುಕಿದೆ. ಅವಳು ನೆಲದ ಮೇಲೆ ಕೂತು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಳು. ನೀನು ಹಿಂದೆ ಕುರ್ಚಿಯಲ್ಲಿ ಕೂತು ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಹೈಸ್ಕೂಲಿಗೆ ಹೋದ ಮೇಲೆ ಅವಳು ನನ್ನ ಕೈಗೆ ತಲೆ ಕೊಟ್ಟಿಲ್ಲ ತ್ರಿವೇಣಿ. "ಅಂಟಂಟಾಗುತ್ತೆ, ಬಿಡಮ್ಮ" ಅನ್ನುತ್ತಾಳೆ. ನಿನ್ನ ಕೈಯ ಎಣ್ಣೆ ಅಂಟುವುದಿಲ್ಲವೇನು?

ಚಪ್ಪಲಿ ಮೆಟ್ಟಿಕೊಂಡು ವಾಪಸ್ಸು ನಡೆದುಬಿಟ್ಟೆ. ಬಸ್‌ಸ್ಟ್ಯಾಂಡಿನಲ್ಲಿ ಹೂವು ಕಟ್ಟುತ್ತಿದ್ದ ಹೆಂಗಸಿಗೆ ಕ್ಯಾರಿಯರ್ ಕೊಟ್ಟೆ. "ಯಾಕಕ್ಕ, ಯಾರಿಗ್ ತಂದಿದ್ರಿ?" ಅಂದಳು. "ತಿನ್ನೋರು ಊರಲ್ಲಿಲ್ಲ" ಅಂದೆ. ಖಾಲಿ ಮಾಡಿ, ತೊಳೆದು ಕೊಟ್ಟಳು, ಪುಣ್ಯಾತ್ಗಿತ್ತಿ. ಮುಡಿಗೆ ಒಂದು ತುಂಡು ಕನಕಾಂಬರ ಬೇರೆ.

ಮನೆಗೆ ಬಂದವಳೇ, ಯಾರು ಬೇಕಾದರೂ ಇಳಿಸಿಕೊಳ್ಳಬಹುದಲ್ಲ, ಜರಡಿಯನ್ನು ನನ್ನ ಮೆಷೀನಿಗೆ ಹಾಕಿಕೊಂಡೆ. ಚಂದನ ಬರೆದ ಪರೀಕ್ಷೆಗಳನ್ನು ಒಂದೊಂದಾಗಿ ಓದುತ್ತಿದ್ದೇನೆ. ಚೆನ್ನಾಗಿ ಬರೆಯುತ್ತಾಳೆ. ನಾನು ಹೇಳಿಕೊಟ್ಟದ್ದರ ಮೇಲೆ ನಿನ್ನ ಕೈಯೂ ಬಿದ್ದಿದೆ. ಯಾವ ಸಾಲು ನನ್ನಿಂದ ಬಂದದ್ದು, ಯಾವುದು ನಿನ್ನಿಂದ ಅಂತ ಬಿಡಿಸಿ ನೋಡುವುದೇ ಈಗ ನನ್ನ ಕೆಲಸ. ಇತ್ತೀಚಿನವುಗಳಲ್ಲಿ ನೀನೇ ಹೆಚ್ಚಾಗಿದ್ದೀಯ.

ಅವಳಿಗೆ ಇದನ್ನು ಹೇಳಬೇಡ.

ಸುನಂದ


ಮಾಲೂರು
ಮಾರ್ಚ್ 1, 2024

ಸುನಂದಾ,

ಬಾಗಿಲವರೆಗೂ ಬಂದು ಹೋದವಳಿಗೆ ಏನು ಹೇಳಲಿ. ನನಗೆ ಸಿಟ್ಟೇ ಬಂತು. ಮೂರು ದಿನದಿಂದ ತಲೆನೋವು ಅಂತಿದ್ದಳು, ಹಚ್ಚಿದೆ. ನೀನು ಒಳಗೆ ಬಂದಿದ್ದರೆ ಬಟ್ಟಲು ನಿನ್ನ ಕೈಗೇ ಕೊಡುತ್ತಿದ್ದೆ. ಕೊಡುತ್ತಿದ್ದೆನೋ ಇಲ್ಲವೋ, ಈಗ ಕೂತು ಬರೆಯುವಾಗ ಹಾಗೆ ಅನ್ನಿಸುತ್ತಿದೆ.

ನೀನು ಪರೀಕ್ಷೆಗಳನ್ನು ಓದುತ್ತಿರುವುದು ಒಳ್ಳೆಯದೇ ಆಯಿತು. ಹೊಸ ಆವೃತ್ತಿ ಯುಗಾದಿಯ ಹೊತ್ತಿಗೆ ಹೊರಗೆ ಹೋಗುತ್ತದೆ. ಮುಳಬಾಗಿಲಿನ ಅಮರನಾಥ್ ಅವರು ಅದನ್ನು ನೋಡಿಕೊಳ್ಳುತ್ತಾರೆ. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದವರು, ಬಹಳ ಕಟ್ಟುನಿಟ್ಟು. ಪರೀಕ್ಷೆಗಳ ತಲೆಯಲ್ಲಿ ಚಂದನಳ ಹೆಸರು ಮೊದಲು ಬರಬೇಕೆಂದು ಅವರೇ ಹೇಳಿದ್ದಾರೆ. ಅವಳು ನೆಲದ ಮೇಲೆ ನಡೆಯುತ್ತಿಲ್ಲ.

ನಿನ್ನ ಕಣ್ಣಿಗೆ ತಪ್ಪು ಬಿದ್ದರೆ ತಿಳಿಸು. ನಿನ್ನ ಕಣ್ಣು ನನ್ನದಕ್ಕಿಂತ ಚುರುಕು, ಆಗಲೂ ಅಷ್ಟೇ.

ತ್ರಿವೇಣಿ


ಮಾಲೂರು
ಏಪ್ರಿಲ್ 10, 2024

ಸುನಂದ,

ತಿಳಿಸು ಅಂದೆ. ಹೀಗೆ ತಿಳಿಸು ಅಂದಿರಲಿಲ್ಲ.

ಶನಿವಾರ ನೀನು ಜರಡಿ ಬಳಸುವವರ ಸಾರ್ವಜನಿಕ ಮೇಲಿಂಗ್ ಪಟ್ಟಿಗೆ ಹಾಕಿದ ಮೇಲ್ ಎಲ್ಲ ದೇಶದವರೂ ಓದಿದರು. "ಸೆಂಡ್‌ಮೆಸೇಜ್ ಕರೆಗೆ ಬರೆದಿರುವ ಪರೀಕ್ಷೆ ಪರೀಕ್ಷೆಯೇ ಅಲ್ಲ. ಇದನ್ನು ನೋಡಿ ಒಪ್ಪಿದವರು, ಈ ಸಾಧನವನ್ನು ತಾವೊಬ್ಬರೇ ಕಟ್ಟಿದ್ದೆಂದು ಹೇಳಿಕೊಳ್ಳುವವರು." ಚೆನ್ನಾಗಿ ಬರೆದಿದ್ದೀಯ. ಎಷ್ಟು ಸಲ ತಿದ್ದಿದೆ?

ನೀನು ಹೇಳಿದ್ದು ಸರಿ. ನಾನೇ ಓಡಿಸಿ ನೋಡಿದೆ. ಆ ಕರೆಗೆ ಕೊಡುವುದು ಟಿಫಿನ್ ಕ್ಯಾರಿಯರ್‌ನಂಥ ವಸ್ತು, ಹೊರಗಿನ ವಿಳಾಸದೊಳಗೆ ಇನ್ನಷ್ಟು ವಿಳಾಸ. ಚಂದನ ಹೊರಗಿನದನ್ನು ಕೆಡಿಸಿ ನೋಡಿದಳು, ಜರಡಿ ಕೂಗಿತು, ಪಾಸು ಅಂದಳು. ಹೊರಗಿನದು ಚೆನ್ನಾಗಿದ್ದು ಒಳಗಿನದು ಕೆಟ್ಟಿದ್ದರೆ? ಜರಡಿ ಉಸಿರೆತ್ತಲಿಲ್ಲ. ಆ ತಪ್ಪಿನೊಡನೆಯೇ ನಾವು ಬಿಡುಗಡೆ ಮಾಡಿಬಿಡುತ್ತಿದ್ದೆವು. ಜರಡಿ ಸುಮ್ಮನಿದೆ ಎಂದು ನಂಬಿ ಎಷ್ಟು ಜನ ತಮ್ಮ ಪ್ರೋಗ್ರಾಮು ಸರಿಯಿದೆ ಅಂದುಕೊಳ್ಳುತ್ತಿದ್ದರೋ. ಅಮರನಾಥ್ ಬಿಡುಗಡೆ ನಿಲ್ಲಿಸಿದ್ದಾರೆ.

ನೀನು ನನಗೆ ಹೊಡೆಯಲು ಕಲ್ಲೆತ್ತಿದೆ. ಆದರೆ ಆ ಪರೀಕ್ಷೆಯ ತಲೆಯಲ್ಲಿ ಇರುವ ಹೆಸರು ಯಾರದು ಅಂತ ನೋಡಲಿಲ್ಲವೇ? ಹಬ್ಬಕ್ಕೆ ನಿನ್ನ ಹತ್ತಿರ ಬರಲು ಬ್ಯಾಗು ಕಟ್ಟಿಟ್ಟಿದ್ದಳು. ನಿನಗೆಂದು ಸೀರೆ ತಂದಿದ್ದಳು. ಮೇಲ್ ಎರಡು ಸಲ ಓದಿದಳು.

"ಅಮ್ಮಾನೇ ಬರೆದಿದ್ದಾ ಆಂಟಿ?"

"ಹೂಂ."

"ನಂಗೆ ಒಂದ್ ಫೋನ್ ಮಾಡ್ಬೋದಿತ್ತಲ್ವಾ."

ಆಮೇಲೆ ಬ್ಯಾಗು ಬಿಚ್ಚಿ ಬಟ್ಟೆಯೆಲ್ಲ ಮತ್ತೆ ಮಡಿಸಿ ಇಟ್ಟಳು. ಪಟ್ಟಿಗೆ ನಾನು ಉತ್ತರ ಬರೆದಿದ್ದೇನೆ, ನೋಡಿರುತ್ತೀಯ. ಬರೆದವಳು ಹೊಸಬಳು, ಒಪ್ಪಿದವಳು ನಾನು, ತಪ್ಪು ನನ್ನದು ಅಂತ.

ಹಬ್ಬದ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ.

ತ್ರಿವೇಣಿ


ಕೋಲಾರ
ಏಪ್ರಿಲ್ 15, 2024

ತ್ರಿವೇಣಿ,

ನೋಡಿದ್ದೆ. ತಲೆಯಲ್ಲಿ ಅವಳ ಹೆಸರಿರುವುದು ನೋಡಿದ್ದೆ. ಅದರ ಕೆಳಗೆ "ಪರಿಶೀಲಿಸಿದವರು: ತ್ರಿವೇಣಿ" ಅಂತ ಇತ್ತಲ್ಲ, ಆಮೇಲೆ ನನಗೆ ಅದೊಂದೇ ಕಂಡದ್ದು. ಸಿಕ್ಕಿಬಿದ್ದೆಯಾ ಅಂದುಕೊಂಡೆ. ಎದ್ದು ಕಾಫಿ ಮಾಡಿಕೊಂಡೆ, ಖುಷಿಗೆ. ಕುಡಿದು ಕೂತು ಬರೆದೆ.

ಈಗ ಕೇಳು. ನಿನ್ನ ಆ ಉತ್ತರ ಓದಿದಾಗ ನನಗೆ ಮೊದಲು ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಮೊದಲು ಬಂದದ್ದು ಹೊಟ್ಟೆಕಿಚ್ಚು. ಮಗುವಿಗೆ ಏಟು ಬೀಳುವಾಗ ಅಡ್ಡ ಬರುವವಳು ತಾಯಿ. ಇಲ್ಲಿ ಹೊಡೆದವಳು ನಾನು, ಅಡ್ಡ ಬಂದವಳು ನೀನು. ನನ್ನ ಜಾಗ ನೀನು ತೆಗೆದುಕೊಂಡೆ ಅಂತ ಇಷ್ಟು ತಿಂಗಳು ಕೂಗಾಡಿದೆನಲ್ಲ, ನಾನೇ ಎದ್ದು ಜಾಗ ಬಿಟ್ಟುಕೊಟ್ಟೆ.

ಫೋನ್ ಮಾಡಿದರೆ ಅವಳು ಎತ್ತುತ್ತಿಲ್ಲ. ನಿನ್ನ ಹತ್ತಿರ ಅತ್ತಳಾ? ಅದೊಂದು ಹೇಳು. ಬೇಡ, ಹೇಳಬೇಡ.

ಬದನೆಕಾಯಿಯ ವಿಷಯ ನೆನಪಿರಲಿ.

ಸುನಂದ


ಗೌನಿಪಲ್ಲಿ
ಮೇ 10, 2024

ಅಮ್ಮಾ,

ನಾನು ಗಂಗಾಲಕ್ಷ್ಮಿ ದೊಡ್ಡಮ್ಮನ ಮನೆಯಲ್ಲಿದ್ದೇನೆ. ನಿನ್ನ ಅಕ್ಕ ನಿನಗೆ ಅವತ್ತೇ ಫೋನ್ ಮಾಡಿ ಹೇಳಿರುತ್ತಾಳೆ, ಆದರೂ ಬರೆಯುತ್ತಿದ್ದೇನೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನಗೆ ಅಳು ಬರುತ್ತದೆ, ಅತ್ತರೆ ನೀನು ಗೆದ್ದಹಾಗೆ.

ಮಾಲೂರು ಬಿಟ್ಟೆ. ಆಂಟಿ ಒಳ್ಳೆಯವರು. ಅದೇ ಕಷ್ಟ. ಆ ಮೇಲ್ ಬಂದಮೇಲೆ ದಿನಾ ನನಗೆ ಇಷ್ಟವಾದ ಅಡುಗೆ, ದಿನಾ ಸಮಾಧಾನ. ಒಂದು ದಿನ ತಟ್ಟೆಗೆ ಬಡಿಸುತ್ತಾ "ನಿಮ್ಮಮ್ಮಂಗೆ ಮಗಳಿಗಿಂತ ಹಟ ದೊಡ್ಡದು" ಅಂದರು. ನಾನು ತಟ್ಟೆ ತಳ್ಳಿ ಎದ್ದೆ. ನಿನ್ನನ್ನು ಬೈಯುವುದಿದ್ದರೆ ಅದು ನಾನು ಬೈಯಬೇಕು. ಅವರಿಗೆ ಬೇಜಾರಾಯಿತು. ಬೆಳಿಗ್ಗೆ ಬ್ಯಾಗು ತೆಗೆದುಕೊಂಡು ಬಸ್ಸು ಹತ್ತಿದೆ. ಕೋಲಾರದಲ್ಲಿ ಬಸ್ಸು ಬದಲಾಯಿಸುವಾಗ ಮನೆ ಕಡೆ ನೋಡಿದೆ. ಶ್ರೀನಿವಾಸಪುರದ ಬಸ್ಸು ಬಂತು, ಹತ್ತಿದೆ.

ಇಲ್ಲಿ ಮಾವಿನ ಸುಗ್ಗಿ ಶುರುವಾಗಿದೆ. ಬೆಳಿಗ್ಗೆ ತೋಟಕ್ಕೆ ಹೋಗಿ ಮಂಡಿಗೆ ಕಳಿಸುವ ಕಾಯಿ ಆರಿಸುತ್ತೇನೆ. ತೊಟ್ಟಿನ ಹಾಲು ಸೋರಿ ಕೈಯೆಲ್ಲ ಸುಟ್ಟಹಾಗಾಗಿದೆ. ದೊಡ್ಡಮ್ಮ ಕೇಳಿದಳು, "ನೀ ಮಾಡ್ತಿದ್ ಕೆಲ್ಸ ಏನಮ್ಮ, ಸರಿಯಾಗ್ ಹೇಳು."

"ತಪ್ಪು ಹಿಡಿಯೋ ಒಂದ್ ಪ್ರೋಗ್ರಾಂ ಇದೆ ದೊಡ್ಡಮ್ಮ. ಅದು ಸರಿಯಾಗಿ ಹಿಡಿಯುತ್ತಾ ಅಂತ ನಾನೇ ತಪ್ಪು ಕೊಟ್ಟು ನೋಡೋದು."

"ಮತ್ತೆ ಬಿಟ್ ಬಂದಿದ್ ಯಾಕೆ?"

"ಅಮ್ಮನೂ ಆಂಟಿನೂ ಕಿತ್ತಾಡ್ತಾರೆ."

ದೊಡ್ಡಮ್ಮ ನಕ್ಕಳು. "ಮೀ ಅಮ್ಮ ಅಂತೇಲೇ," ಅಂದಳು ತೆಲುಗಿನಲ್ಲಿ. ನಿಮ್ಮಮ್ಮ ಇರೋದೇ ಹಾಗೆ ಅಂತ. ಚಿಕ್ಕವಳಿದ್ದಾಗ ದೊಡ್ಡಮ್ಮ ಪಕ್ಕದ ಮನೆಯ ಹುಡುಗಿಯ ಜೊತೆ ಕುಂಟೆಬಿಲ್ಲೆ ಆಡಿದರೆ ನೀನು ಎರಡು ಹೊತ್ತು ಊಟ ಬಿಡುತ್ತಿದ್ದೆಯಂತೆ. "ಆಮೇಲೆ?" ಅಂದೆ. "ಆಮೇಲೇನು, ಹಸಿವಾಗ್ತಿತ್ತು, ಬರ್ತಿದ್ಲು" ಅಂದಳು.

ಅಮ್ಮಾ, ಪರೀಕ್ಷೆ ನಾನು ಕೆಟ್ಟದಾಗಿ ಬರೆದಿದ್ದೆ. ನೀನು ಹೇಳಿದ ತಪ್ಪು ನಿಜವಾದ ತಪ್ಪು. ಅದಕ್ಕೆ ನನಗೆ ಕೋಪವಿಲ್ಲ. ನೀನು ಅದನ್ನು ಕಂಡಾಗ ನಾನು ನಿನ್ನ ಲೆಕ್ಕದಲ್ಲೇ ಇರಲಿಲ್ಲವಲ್ಲ, ಅದಕ್ಕೆ.

ಸೀರೆ ನನ್ನ ಹತ್ತಿರವೇ ಇದೆ. ಈಗ ಕೊಡುವುದಿಲ್ಲ.

ಚಂದನ


ಮಾಲೂರು
ಮೇ 22, 2024

ಸುನಂದ,

ನಿನ್ನ ಕಾರ್ಡು ಬಂತು. "ನನಗೆ ಬರೆದಿದ್ದಾಳೆ." ಅಷ್ಟೇ, ಒಂದು ಸಾಲು. ನನಗೆ ಬರೆದಿಲ್ಲ ಅಂತ ಗೊತ್ತಿದ್ದೇ ಹಾಕಿದ್ದೀಯ. ಸರಿ, ಗೆದ್ದೆ.

ಅವಳು ಹೋದ ದಿನ ನಾನು ಬಸ್‌ಸ್ಟ್ಯಾಂಡಿನವರೆಗೂ ಹಿಂದೆ ಹೋದೆ. "ಕೂತ್ಕೋ ಬಾ, ಮಾತಾಡೋಣ" ಅಂದೆ. "ಆಂಟಿ, ನಿಮ್ಮಿಬ್ಬರ ಮಧ್ಯೆ ನಾನ್ ಕೂತಿದ್ದು ಸಾಕು" ಅಂದಳು. ನಿನ್ನ ಹಾಗೇ ಮೂಗು ಅರಳಿಸಿದಳು. ನನಗೆ ನಿನ್ನ ಮೇಲೆ ಹೊಟ್ಟೆ ಉರಿಯಿತು. ಇನ್ನೊಬ್ಬರ ಮುಖದ ಮೇಲೆ ಹಾಗೆ ತನ್ನ ಮೂಗು ಬಿಟ್ಟುಹೋಗುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ.

ಅಮರನಾಥ್ ಫೋನ್ ಮಾಡಿದ್ದರು. ವಿಳಾಸದೊಳಗೆ ವಿಳಾಸ ಇರುವ ಕರೆ ಅದೊಂದೇ ಅಲ್ಲ. ಅಂಥವನ್ನೆಲ್ಲ ಹುಡುಕಿ, ಜರಡಿಗೆ ಹೇಳಿಕೊಟ್ಟು, ಪರೀಕ್ಷೆ ಹೊಸದಾಗಿ ಬರೆಯಬೇಕು. ನನ್ನೊಬ್ಬಳಿಂದ ಆಗದು. ತಪ್ಪು ಕಂಡುಹಿಡಿದವಳು ನೀನು. ಭಾನುವಾರ ಬಾ. ಈ ಸಲ ಒಳಗೆ ಬಾ.

ತ್ರಿವೇಣಿ


ಕೋಲಾರ
ಜೂನ್ 17, 2024

ಚಂದೂ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು. ಕ್ಷಮಿಸು. ನಾನು ಯಾರ ಹತ್ತಿರವೂ ಈ ಪದ ಬಳಸಿದವಳಲ್ಲ, ಆದ್ದರಿಂದ ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ನೀನು ಅಂದದ್ದು ನಿಜ. ಅವತ್ತು ನನ್ನ ಕಣ್ಣಿಗೆ ತ್ರಿವೇಣಿ ಬಿಟ್ಟು ಬೇರೆ ಯಾರೂ ಬೀಳಲಿಲ್ಲ.

ನಾಲ್ಕು ಭಾನುವಾರದಿಂದ ಮಾಲೂರಿಗೆ ಹೋಗುತ್ತಿದ್ದೇನೆ. ಮೊದಲ ದಿನ ಇಬ್ಬರೂ ಮಾತೇ ಆಡಲಿಲ್ಲ. ಮೇಜಿನ ಆ ಕಡೆ ಅವಳು, ಈ ಕಡೆ ನಾನು. ಎದುರಿಗೇ ಕೂತಿದ್ದರೂ ತಪ್ಪು ಸಿಕ್ಕಿದರೆ ಮೇಲ್ ಹಾಕುತ್ತಿದ್ದೆವು. ಮಧ್ಯಾಹ್ನ ಅವಳು ಬಸ್ಸಾರು ಬಡಿಸಿದಳು. ಒಂದು ತುತ್ತು ಉಂಡು, "ಹುಳಿ ಸಾಲ್ದು" ಅಂದೆ. "ಹನ್ನೊಂದು ವರ್ಷ ಆದ್ಮೇಲೆ ಆಡಿದ್ ಮೊದಲ್ನೇ ಮಾತು ಇದಾ?" ಅಂದಳು. ನನಗೆ ನಗು ಬಂತು. ಅವಳಿಗೂ ಬಂತು, ತಡೆದುಕೊಂಡಳು.

ಅಲ್ಲಿ ನಿನ್ನ ಕೋಣೆ ನೋಡಿದೆ. ಗೂಟಕ್ಕೆ ನಿನ್ನ ನೀಲಿ ಸ್ವೆಟರ್ ಹಾಗೇ ಇದೆ. ನಾನು ಹೆಣೆದದ್ದು. ಬ್ಯಾಗಿಗೆ ಹಾಕಿಕೊಳ್ಳಲು ಹೋದೆ.

"ಅದನ್ನ ಮುಟ್ಬೇಡ," ಅಂದಳು.

"ನಾನ್ ಹೆಣ್ದಿದ್ದು ಕಣೇ."

"ಹೆಣ್ದಿದ್ದು ನೀನು. ಬಿಟ್ಟೋಗಿರೋದು ನಮ್ಮನೇಲಿ. ತಗೊಳ್ಳೋಕೆ ಒಂದ್ ದಿನ ಬರ್ಬೇಕಲ್ಲ ಅವಳು."

ಅಲ್ಲೇ ಬಿಟ್ಟು ಬಂದೆ. ದಾರಿಯುದ್ದಕ್ಕೂ ಸಂಕಟವಾಯಿತು.

ಕೆಲಸ ಸಾಗುತ್ತಿದೆ. ನಿನ್ನ ಬೇರೆ ಪರೀಕ್ಷೆಗಳನ್ನೆಲ್ಲ ಮತ್ತೆ ಓದಿದೆವು, ಗಟ್ಟಿಯಾಗಿವೆ. ತ್ರಿವೇಣಿ "ನನ್ ಶಿಷ್ಯೆ" ಅಂದಳು. ನಾನು "ನನ್ ಮಗಳು" ಅಂದೆ. ಅದರ ಮೇಲೆ ಅರ್ಧ ಗಂಟೆ ಹೋಯಿತು.

ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಾವಿನಕಾಯಿ ಮುಟ್ಟು, ಸುಡುವುದಿಲ್ಲ. ದೊಡ್ಡಮ್ಮ ಹೇಳಿರುತ್ತಾಳೆ. ಹೇಳಿದ್ದರೂ ನಾನು ಹೇಳಿದೆ ಅಂತಲೇ ಹಚ್ಚಿಕೋ.

ನಿನ್ನಮ್ಮ


ಗೌನಿಪಲ್ಲಿ
ಜುಲೈ 7, 2024

ಅಮ್ಮನಿಗೂ ಆಂಟಿಗೂ,

ಇಬ್ಬರಿಗೂ ಒಂದೇ ಕಾಗದ. ಒಂದೇ ಹೊತ್ತಿಗೆ ಎರಡು ಪ್ರತಿ ಡಬ್ಬಕ್ಕೆ ಹಾಕಿದ್ದೇನೆ. ಯಾರಿಗೆ ಮೊದಲು ತಲುಪಿದರೂ ಅದು ಪೋಸ್ಟಿನವರ ಮಹಿಮೆ, ನನ್ನದಲ್ಲ.

ನೀವು ಬರೆದ ಹೊಸ ಪರೀಕ್ಷೆಗಳನ್ನೆಲ್ಲ ಓಡಿಸಿ ನೋಡಿದೆ. ಚೆನ್ನಾಗಿವೆ. ಆದರೆ ಒಂದೇ ತಪ್ಪನ್ನು ಅಮ್ಮ ಒಂದು ಸಲ, ಆಂಟಿ ಒಂದು ಸಲ ಪರೀಕ್ಷಿಸಿದ್ದೀರಿ. ಒಂದು ಕಡೆ ಅಲ್ಲ, ಹಲವು ಕಡೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಂಬಿಲ್ಲ. ಹೀಗಾದರೆ ಜರಡಿಗಿಂತ ಪರೀಕ್ಷೆ ದಪ್ಪವಾಗುತ್ತದೆ. ಹೆಚ್ಚಿನದನ್ನು ತೆಗೆದುಹಾಕಿ, ಯಾರದನ್ನು ತೆಗೆಯಬೇಕು ಅಂತ ನನ್ನನ್ನು ಕೇಳಬೇಡಿ.

ನನಗೆ ಈ ಕೆಲಸ ಬೇಕು. ಮಾವಿನ ಸುಗ್ಗಿ ಮುಗಿಯುತ್ತಾ ಬಂತು. ತೋಟದಲ್ಲಿ ಕೂತಾಗಲೂ ಯಾವ ಕರೆಗೆ ಏನು ಕೆಟ್ಟದ್ದು ಕೊಡಬಹುದು ಅಂತಲೇ ಯೋಚನೆ ಬರುತ್ತದೆ. ಅಮರನಾಥ್ ಸರ್ ಹತ್ತಿರ ಮಾತಾಡಿದ್ದೇನೆ. ಮುಳಬಾಗಿಲಿನಲ್ಲಿ ಅವರ ಮನೆಯ ಮೇಲಿನ ಕೋಣೆ ಖಾಲಿಯಿದೆ. ಅಲ್ಲಿಂದ ಕೆಲಸ ಮಾಡುತ್ತೇನೆ. ನನ್ನ ಪರೀಕ್ಷೆಗಳನ್ನು ಅವರೇ ನೋಡುತ್ತಾರೆ. ನೀವಿಬ್ಬರೂ ನೋಡುವ ಹಾಗಿಲ್ಲ. ಇದೊಂದೇ ನನ್ನ ಷರತ್ತು. ನಿಮ್ಮಿಬ್ಬರ ಮೇಲೂ ನನಗೆ ಪ್ರೀತಿಯಿದೆ. ನಿಮ್ಮ ಪ್ರೀತಿಯ ಮಧ್ಯೆ ಕೂತು ನನಗೆ ಕೆಲಸ ಮಾಡಲು ಆಗುವುದಿಲ್ಲ.

ಮುಳಬಾಗಿಲಿಗೆ ಹೋಗುವ ಮುಂಚೆ ಒಂದು ದಿನ ಕೋಲಾರ, ಒಂದು ದಿನ ಮಾಲೂರು. ಕೋಲಾರ ಮೊದಲು, ಯಾಕೆಂದರೆ ಬಸ್ಸು ಮೊದಲು ಅಲ್ಲಿಗೆ ಬರುತ್ತದೆ. ಆಂಟಿ, ಬೇರೆ ಅರ್ಥ ಮಾಡಿಕೊಳ್ಳಬೇಡಿ.

ಚಂದನ


ಕೋಲಾರ
ಆಗಸ್ಟ್ 20, 2024

ತ್ರಿವೇಣೀ,

ಹೊಸ ಆವೃತ್ತಿ ಹೊರಗೆ ಬಂದದ್ದು ನೋಡಿದೆ. ನಮ್ಮ ಹೆಸರುಗಳನ್ನು ಅಮರನಾಥ್ ಅಕ್ಷರಾನುಕ್ರಮದಲ್ಲಿ ಹಾಕಿದ್ದಾರೆ. ಚಾಣಾಕ್ಷ ಮನುಷ್ಯ. ಮೊದಲು ಅವರದೇ ಬಂದಿದೆ.

ನಿನ್ನೆ ಚಂದನ ಫೋನ್ ಮಾಡಿದ್ದಳು. ಅರ್ಧ ಮಾತು ಅಮರನಾಥ್ ಅವರ ಹೆಂಡತಿ ಶ್ಯಾಮಲಮ್ಮನವರ ಮೇಲೆಯೇ. ಶ್ಯಾಮಲಮ್ಮ ಹೀಗಂದರು, ಶ್ಯಾಮಲಮ್ಮ ಹಾಗಂದರು. "ಅಮ್ಮಾ, ಅವರ್ ದೋಸೆ ತಿನ್ಬೇಕು ನೀನು. ಆಹಾ! ನಮ್ಮನೇಲಿ ಆ ಥರ ಬರ್ತಾನೇ ಇರ್ಲಿಲ್ಲ." ಇಪ್ಪತ್ತು ವರ್ಷ ನನ್ನ ಕೈಯ ದೋಸೆ ತಿಂದ ಬಾಯಿ ಅದು. ಮುಳಬಾಗಿಲಲ್ಲಿ ಯಾರು ಹುಯ್ದರೂ ದೋಸೆ ಚೆನ್ನಾಗಿಯೇ ಬರುತ್ತದೆ ಕಣೇ, ಅದರಲ್ಲಿ ಶ್ಯಾಮಲಮ್ಮನದೇನು ಹೆಚ್ಚುಗಾರಿಕೆ? ನೀನೇ ಹೇಳು. ಇನ್ನು ಅಮರನಾಥ್ ಅಂದರೆ ದೇವರು. ಅವರು "ಇದು ಬೇಡಮ್ಮ" ಅಂದರೆ ಇವಳು ತೆಪ್ಪಗೆ ಅಳಿಸುತ್ತಾಳಂತೆ. ನೀನು ತಿದ್ದುವಾಗಲಾದರೂ ಒಂದು "ಹೌದಲ್ವಾ" ಇತ್ತು.

ಅದಕ್ಕೇ ಇರಬೇಕು, ನಿನ್ನೆ ರಾತ್ರಿ ಅವರು ಒಪ್ಪಿದ ಪರೀಕ್ಷೆಗಳನ್ನೆಲ್ಲ ಒಂದು ಕಡೆಯಿಂದ ಓದುತ್ತಾ ಕೂತೆ. ನೋಡುವ ಹಾಗಿಲ್ಲ ಎಂಬ ಷರತ್ತು ನನಗೆ ಗೊತ್ತಿದೆ. ಒಪ್ಪುವ ಹಾಗಿಲ್ಲ, ಓದಬಾರದು ಅಂತ ಎಲ್ಲಿದೆ? ಸಿಕ್ಕಿತು. ಫೈಲಿನ ಹೆಸರು ಬದಲಿಸುವ ಕರೆ. ಹಳೆಯ ಹೆಸರನ್ನು ಕೆಡಿಸಿ ನೋಡಿದ್ದಾಳೆ, ಹೊಸ ಹೆಸರನ್ನು ಕೆಡಿಸಿ ನೋಡಿಲ್ಲ. ಅಮರನಾಥ್ ಅವರ ಕಣ್ಣು ತಪ್ಪಿಸಿಕೊಂಡು ಹೋಗಿದೆ. ಬರೆಯಬಹುದಾದ ಸಾಲುಗಳೆಲ್ಲ ತಾವಾಗಿಯೇ ಬಂದವು. "ಇಷ್ಟು ಕಟ್ಟುನಿಟ್ಟಿನವರು ಎಂದು ಹೆಸರಾದವರ ಕಣ್ಣಿಗೂ..." ಎಂದು ಅರ್ಧ ಸಾಲು ಒತ್ತಿಯೂ ಆಗಿತ್ತು.

ಅಳಿಸಿದೆ. ಬೆಳಿಗ್ಗೆ ಅವಳಿಗೆ ಫೋನ್ ಮಾಡಿದೆ.

"ಚಂದೂ, ಹೆಸರು ಬದಲಾಯಿಸೋ ಕರೆಗೆ ಎರಡನೇ ಹೆಸರು ಕೆಡ್ಸಿ ನೋಡಿಲ್ಲ ನೀನು."

ಮೆಲ್ಲಗೆ ಕೇಳಿದಳು, "ಪಟ್ಟಿಗೆ ಹಾಕಿದ್ಯಾ?"

"ಇಲ್ಲ ಕಣೇ. ನಿಂಗೇ ಮೊದಲು ಹೇಳ್ತಿದೀನಿ."

"ಅಮ್ಮಾ..." ಅಂದಳು. ದನಿ ಒದ್ದೆಯಾಗಿತ್ತು. ನನ್ನದೂ ಹಾಗೇ ಆಯಿತು. ಆಮೇಲೆ ಮೂಗು ಒರೆಸಿಕೊಂಡು ನಕ್ಕಳು. "ನಂಗ್ ಗೊತ್ತಮ್ಮ. ಸರಿ ಮಾಡಾಯ್ತು."

"ಯಾವಾಗ?"

"ನಿನ್ನೆ. ತ್ರಿವೇಣಿ ಆಂಟಿ ಫೋನ್ ಮಾಡಿ ಹೇಳಿದ್ರು."

ಏನೇ ಪಾಪಿ! ನೋಡಬಾರದು ಅಂದದ್ದನ್ನು ನೀನೂ ಕದ್ದು ಓದುತ್ತಿದ್ದೀಯ. ನನಗೊಂದು ಮಾತು ಹೇಳಲಿಲ್ಲ. ನಾನು ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಇವತ್ತು ಮಗಳೊಡನೆ ಸರಿಯಾಗಿ ನಡೆದುಕೊಳ್ಳುತ್ತೇನೆ ಅಂತ ಫೋನ್ ಎತ್ತಿದರೆ ನೀನು ಒಂದು ದಿನ ಮೊದಲೇ ಮಾಡಿ ಮುಗಿಸಿದ್ದೀಯ. ಫೋನಿಟ್ಟು ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕೆ. ಹೊಟ್ಟೆ ಉರಿಯಿತು, ನಗುವೂ ಬಂತು.

ಭಾನುವಾರ ಬರುತ್ತೇನೆ. ಅಮರನಾಥ್ ಒಪ್ಪಿದ್ದು ಇನ್ನೂ ಬೇಕಾದಷ್ಟಿದೆ. ಜೊತೆಯಲ್ಲಿ ಕೂತು ಓದೋಣ. ಸಿಕ್ಕಿದರೆ ಈ ಸಲ ನಾನು ಫೋನ್ ಮಾಡುವುದು, ನೀನು ಮೋಟಾರ್ ಆರಿಸಿ ಪಕ್ಕದಲ್ಲಿ ಸುಮ್ಮನೆ ಕೂತು ಕೇಳುವುದು.

ನಿನ್ನ
ಸುನಂದ